ಟಾರ್ಪಾಲು ಕೊನೆಗೆ: ಮನೆ ಬಿದ್ದ ಮೇಲೆ, ಮಳೆಗೆ ಮುಂಚೆ, ತಾತ್ಕಾಲಿಕ ಸೂರು ಕಟ್ಟುವ ಸಮಗ್ರ ಮಾರ್ಗದರ್ಶಿ

ಪ್ರತಿ ಮಳೆಗಾಲದಲ್ಲೂ ನನಗೆ ಒಂದೇ ಥರದ ಫೋಟೊಗಳು ಬರುತ್ತವೆ. ನೀಲಿ ಟಾರ್ಪಾಲು, ನಡುವೆ ನೀರು ತುಂಬಿ ಜೋತುಬಿದ್ದ ಹೊಟ್ಟೆ, ಕಿತ್ತುಹೋದ ಮೂಲೆ, ಒಳಗೆ ನೆನೆದ ಹಾಸಿಗೆ. ಜೊತೆಗೆ ಒಂದೇ ಪ್ರಶ್ನೆ: ‘ಒಳ್ಳೇ ಟಾರ್ಪಾಲೇ ತಂದಿದ್ವಿ, ಆದ್ರೂ ಯಾಕೆ ಹೀಗಾಯ್ತು?’

ಟಾರ್ಪಾಲು ಚೆನ್ನಾಗಿಯೇ ಇರುತ್ತದೆ. ಕಟ್ಟಿದ ಕ್ರಮ ಕೆಟ್ಟಿರುತ್ತದೆ. ಲಾರಿ ಬಂದ ಕೂಡಲೇ ಎಲ್ಲರೂ ಮೊದಲು ಟಾರ್ಪಾಲು ಬಿಚ್ಚುತ್ತಾರೆ, ಆಮೇಲೆ ಕಂಬ ಹುಡುಕುತ್ತಾರೆ, ಚರಂಡಿ ನೆನಪಾಗುವುದು ರಾತ್ರಿ ಎರಡು ಗಂಟೆಗೆ ಹಾಸಿಗೆ ಕೆಳಗೆ ನೀರು ಹರಿಯಲು ಶುರುವಾದಾಗ. ಸರಿಯಾದ ಕ್ರಮ ಇದು: ಜಾಗ, ಚರಂಡಿ, ನೆಲ, ಕಂಬ, ಹಗ್ಗ. ಟಾರ್ಪಾಲು ಕೊನೆಗೆ.

ಎಷ್ಟು ಸಮಯ ಸಿಗುತ್ತದೆ ಎಂಬುದಕ್ಕೆ ನೇಪಾಳವನ್ನು ನೋಡಿ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ, ಮೇ 12ರಂದು ಮತ್ತೆ 7.3. ಐದು ಲಕ್ಷಕ್ಕೂ ಹೆಚ್ಚು ಮನೆಗಳು ಬಿದ್ದವು. ಅಲ್ಲಿಗೆ ಮುಂಗಾರು ಬರುವುದು ಸಾಮಾನ್ಯವಾಗಿ ಜೂನ್ ಎರಡನೇ ವಾರದ ಹೊತ್ತಿಗೆ. ಅಂದರೆ ಕೈಯಲ್ಲಿದ್ದದ್ದು ಏಳು ವಾರ, ಅದರಲ್ಲೂ ಎರಡನೇ ಕಂಪನ ಅರ್ಧ ಕೆಲಸವನ್ನು ಮತ್ತೆ ಮೊದಲಿಗೆ ತಂದು ನಿಲ್ಲಿಸಿತು. ಮ್ಯಾನ್ಮಾರ್‌ನಲ್ಲಿ 2025ರ ಮಾರ್ಚ್ 28ರಂದು 7.7ರ ಕಂಪನ ಆದಾಗಲೂ ಲೆಕ್ಕ ಹೆಚ್ಚುಕಡಿಮೆ ಹೀಗೇ ಇತ್ತು. ನಮ್ಮ ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದೇ ಮಳೆಯಿಂದ, ಅಲ್ಲಿ ಏಳು ದಿನವೂ ಸಿಗಲಿಲ್ಲ. ಕಾರಣ ಬೇರೆ ಬೇರೆ ಇರಬಹುದು, ಸೂರು ಕಟ್ಟುವ ಕೆಲಸ ಒಂದೇ.

ಕೆಳಗಿನ ಅಳತೆಗಳೆಲ್ಲ ಐದು ಜನರ ಒಂದು ಕುಟುಂಬಕ್ಕೆ.

ಮೊದಲು ಸಾಮಾನು ಜೋಡಿಸಿಕೊಳ್ಳಿ

- 4ಕ್ಕೆ 6 ಮೀಟರಿನ ಟಾರ್ಪಾಲು ಎರಡು. ಅಂಗಡಿಯ ಭಾಷೆಯಲ್ಲಿ 13ಕ್ಕೆ 20 ಅಡಿ. ಉತ್ತರ ಕರ್ನಾಟಕದಲ್ಲಿ ತಾಡಪತ್ರಿ ಅಂತ ಕೇಳಿ. ರೆಡ್ ಕ್ರಾಸ್‌ನ ಸೂರಿನ ಕಿಟ್‌ನಲ್ಲೂ ಇದೇ ಅಳತೆಯ ಎರಡು ಇರುತ್ತವೆ. ದಪ್ಪ 200 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಹತ್ತಿರ ಇರಲಿ. 90ರದ್ದು ಅಗ್ಗ, ಆದರೆ ಎರಡು ಗಾಳಿಗೆ ಹರಿಯುತ್ತದೆ.
- ನೆಲಕ್ಕೆ ಹಾಸಲು ಬೇರೆ ಒಂದು ಕಪ್ಪು ಪ್ಲಾಸ್ಟಿಕ್ ಹಾಳೆ.
- 9 ಅಡಿಯ ಗಟ್ಟಿ ಕಂಬ ಮೂರು, 14 ಅಡಿಯ ಗಳ ಒಂದು, 10 ಅಡಿಯ ಗಳ ಎಂಟು. ಬಿದಿರು, ಸರ್ವೆ, ಅಡಿಕೆ ಮರ, ಬಿದ್ದ ಮನೆಯ ಜಂತಿ, ಯಾವುದಾದರೂ ನಡೆಯುತ್ತದೆ.
- ನೈಲಾನ್ ಹಗ್ಗ ಕನಿಷ್ಠ 30 ಮೀಟರ್, ಕಟ್ಟುವ ಬೈಂಡಿಂಗ್ ವೈರು, ಹಳೇ ಸೈಕಲ್ ಟ್ಯೂಬ್ ಎರಡು.
- ಗುದ್ದಲಿ, ಹಾರೆ, ಮಚ್ಚು, ಸುತ್ತಿಗೆ, ಗರಗಸ, ಖಾಲಿ ಗೊಬ್ಬರದ ಚೀಲ ಹದಿನೈದು ಇಪ್ಪತ್ತು.

ಸೆಣಬಿನ ಹಗ್ಗ ಬೇಡ. ನೆನೆದಾಗ ಅದು ಎಳೆದು ಬಿಗಿಯುತ್ತದೆ, ಒಣಗಿದಾಗ ಸಡಿಲ. ಆ ಎಳೆತಕ್ಕೇ ಎಷ್ಟೋ ಟಾರ್ಪಾಲುಗಳ ಕಣ್ಣು (ಹಗ್ಗ ಪೋಣಿಸಲು ಅಂಚಿನಲ್ಲಿರುವ ತೂತು) ಕಿತ್ತುಬರುತ್ತದೆ.

ಗುದ್ದಲಿ ಹಾರೆ ಕಳಿಸಲು ದಾನಿಗಳಿಗೆ ಹೊಳೆಯುವುದೇ ಇಲ್ಲ. ಊರವರ ಗುದ್ದಲಿ ಬಿದ್ದ ಮನೆಯ ಅಡಿಯಲ್ಲಿ ಇರುತ್ತದೆ ಅಲ್ವಾ? ಹತ್ತು ಕುಟುಂಬಕ್ಕೆ ಎರಡು ಗುದ್ದಲಿಯಾದರೂ ಟಾರ್ಪಾಲಿನ ಜೊತೆಗೇ ಹೋಗಬೇಕು.

ಹಂತ 1: ಜಾಗ ಹುಡುಕುವುದು (ಇಲ್ಲಿ ಅರ್ಧ ದಿನ ಕಳೆದರೂ ನಷ್ಟವಿಲ್ಲ)

ಮನೆಯವರು ಸಾಮಾನ್ಯವಾಗಿ ಬಿದ್ದ ಮನೆಯ ಅಂಗಳದಲ್ಲೇ ಇರಲು ಬಯಸುತ್ತಾರೆ. ದನ ಇದೆ, ಅವಶೇಷದ ಅಡಿಯಲ್ಲಿ ಪೆಟ್ಟಿಗೆ ಇದೆ, ಜಾಗದ ಹಕ್ಕಿನ ಚಿಂತೆ ಬೇರೆ. ಅದನ್ನು ಮೂಢತನ ಅಂದುಕೊಳ್ಳಬೇಡಿ. ಅಂಗಳ ಸುರಕ್ಷಿತವಾಗಿದ್ದರೆ ಅಲ್ಲೇ ಕಟ್ಟಿ. ಆದರೆ ಮೊದಲು ಈ ನಾಲ್ಕು ನೋಡಿ.

ಒಂದು, ನಿಂತಿರುವ ಗೋಡೆ. ಬಿರುಕು ಬಿಟ್ಟ ಗೋಡೆಯಿಂದ ಅದರ ಎತ್ತರದ ಒಂದೂವರೆ ಪಟ್ಟು ದೂರ ಇರಬೇಕು. 12 ಅಡಿ ಗೋಡೆಗೆ 18 ಅಡಿ. ಮಣ್ಣಿನ ಗೋಡೆ ಬಿಸಿಲಿನಲ್ಲಿ ಗಟ್ಟಿಯಾಗಿ ನಿಂತ ಹಾಗೆ ಕಾಣುತ್ತದೆ, ಮೊದಲ ಜೋರು ಮಳೆಗೆ ನೆನೆದು ಕುಸಿಯುತ್ತದೆ. ಉಪಕಂಪನ ಬಂದರೆ ಮಳೆಯೂ ಬೇಕಿಲ್ಲ.

ಎರಡು, ಮೇಲಿನ ಗುಡ್ಡ. ಇದಕ್ಕಾಗಿ ಗುಡ್ಡ ಹತ್ತಿಯೇ ನೋಡಬೇಕು, ಕೆಳಗೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಇಳಿಜಾರಿಗೆ ಅಡ್ಡವಾಗಿ ಹೊಸ ಬಿರುಕು ಇದೆಯಾ? ಮರ, ಕರೆಂಟ್ ಕಂಬ ಒಂದೇ ಕಡೆಗೆ ವಾಲಿವೆಯಾ? ಇಲ್ಲದ ಜಾಗದಲ್ಲಿ ಒರತೆ ಹೊಸದಾಗಿ ಹುಟ್ಟಿದೆಯಾ, ಅಥವಾ ಇದ್ದ ಒರತೆ ಬತ್ತಿದೆಯಾ? ಒಂದಕ್ಕಾದರೂ ‘ಹೌದು’ ಅಂತ ಉತ್ತರ ಬಂದರೆ ಆ ಇಳಿಜಾರಿನ ಕೆಳಗೆ ಕಟ್ಟಬೇಡಿ. ಭೂಕಂಪ ಗುಡ್ಡದ ಮಣ್ಣನ್ನು ಸಡಿಲ ಮಾಡಿರುತ್ತದೆ, ಮಳೆನೀರು ಆ ಬಿರುಕಿನೊಳಗೆ ಇಳಿದು ಭಾರ ಹೆಚ್ಚಿಸುತ್ತದೆ. ನೇಪಾಳದ ಮ್ಯಾಗ್ದಿ ಜಿಲ್ಲೆಯಲ್ಲಿ 2015ರ ಮೇ 24ರಂದು, ಮುಂಗಾರು ಬರುವ ಮೊದಲೇ, ಗುಡ್ಡ ಜಾರಿ ಕಾಳಿ ಗಂಡಕಿ ನದಿಗೇ ಅಡ್ಡ ಬಿತ್ತು.

ಮೂರು, ಹೊಳೆ. ಒಣಗಿದ ಹಳ್ಳದ ಪಾತ್ರ ಸಮತಟ್ಟಾಗಿ, ಮರಳಾಗಿ, ಡೇರೆಗೆ ಅಂತಲೇ ಮಾಡಿಟ್ಟ ಹಾಗೆ ಇರುತ್ತದೆ. ಅಲ್ಲಿ ಬೇಡ. ದಡದ ಪೊದೆಗಳಲ್ಲಿ ಸಿಕ್ಕಿಕೊಂಡ ಕಸ, ಹುಲ್ಲು ಎಷ್ಟು ಎತ್ತರಕ್ಕಿದೆ ನೋಡಿ. ಹಳೇ ನೀರು ಅಲ್ಲಿವರೆಗೆ ಬಂದಿತ್ತು ಅಂತ ಅರ್ಥ.

ನಾಲ್ಕು, ಗದ್ದೆ ಮತ್ತು ಮೆಟ್ಟಿಲು ಹೊಲ. ಹೊಲದ ಅಂಚಿನಿಂದ ದೂರ ಸರಿಯಿರಿ, ಅಂಚು ಕುಸಿಯುತ್ತದೆ. ಗದ್ದೆಯ ಬಯಲು ನೀರು ನಿಲ್ಲಿಸಲೆಂದೇ ಮಾಡಿದ ಜಾಗ, ಅದು ತನ್ನ ಕೆಲಸ ಮಾಡೇ ಮಾಡುತ್ತದೆ.

ಶಾಲೆಗೆ ಹೋಗೋಣ ಅನ್ನುವವರಿಗೆ: ಭೂಕಂಪ ಆದ ಊರಿನಲ್ಲಿ ಎಂಜಿನಿಯರ್ ನೋಡಿ ಸರಿ ಅನ್ನುವವರೆಗೆ ಶಾಲೆಯ ಒಳಗೆ ಮಲಗಬೇಡಿ. ನೆರೆ ಬಂದ ಊರಿನಲ್ಲಾದರೆ ಶಾಲೆಯೇ ಒಳ್ಳೆಯದು.

ಹಂತ 2: ಚರಂಡಿ ಮತ್ತು ನೆಲ

ಸೂರಿನೊಳಗೆ ಬರುವ ನೀರಿನಲ್ಲಿ ಮೇಲಿನಿಂದ ಬರುವುದು ಕಡಿಮೆ. ಪಕ್ಕದಿಂದ, ನೆಲದ ಮೇಲೆ ಹರಿದು ಬರುವುದೇ ಜಾಸ್ತಿ. ಆದ್ದರಿಂದ ಒಂದು ಕಂಬವನ್ನೂ ನೆಡುವ ಮೊದಲು ಚರಂಡಿ.

ನೆಲದ ಮೇಲೆ 14 ಅಡಿ ಅಗಲ, 13 ಅಡಿ ಉದ್ದದ ಗೆರೆ ಎಳೆಯಿರಿ. ಒಂದು ಕೊಡ ನೀರು ಮೇಲ್ಗಡೆ ಚೆಲ್ಲಿ, ಎತ್ತ ಹರಿಯುತ್ತದೆ ನೋಡಿ. ಕಣ್ಣಂದಾಜು ಮೋಸ ಮಾಡುತ್ತದೆ, ನೀರು ಮಾಡುವುದಿಲ್ಲ. ಗೆರೆಯ ಹೊರಗೆ ಮೇಲ್ಗಡೆ ಮತ್ತು ಎರಡೂ ಪಕ್ಕದಲ್ಲಿ 8 ಇಂಚು ಆಳ, ಒಂದು ಅಡಿ ಅಗಲದ ಕಾಲುವೆ ತೋಡಿ. ಅಗೆದ ಮಣ್ಣನ್ನು ಒಳಗಡೆಗೇ ಹಾಕಿ, ನೆಲ ಎತ್ತರವಾಗುತ್ತದೆ. ಕಾಲುವೆಯ ಬಾಯಿ ಕೆಳಗಿನ ಇಳಿಜಾರಿಗೆ ಬಿಡಿ. ಪಕ್ಕದವರ ಸೂರಿನ ಕಡೆಗೆ ಬಿಟ್ಟರೆ ಮೊದಲ ಮಳೆಯ ಜೊತೆ ಮೊದಲ ಜಗಳವೂ ಶುರು.

ಒಳಗಿನ ನೆಲ ಹೊರಗಿನದಕ್ಕಿಂತ 4ರಿಂದ 6 ಇಂಚು ಎತ್ತರ ಇರಬೇಕು. ಬಿದ್ದ ಮನೆಯ ಇಟ್ಟಿಗೆ ಚೂರು, ಹೆಂಚಿನ ಚೂರು ಹಾಕಿ, ಮೇಲೆ ಮಣ್ಣು ಹರಡಿ, ದಮ್ಮಸು ಮಾಡಿ. ಅದರ ಮೇಲೆ ಕಪ್ಪು ಪ್ಲಾಸ್ಟಿಕ್. ಹಾಳೆಯ ಅಂಚನ್ನು ಸುತ್ತಲೂ ಒಂದು ಗೇಣು ಮೇಲಕ್ಕೆ ಮಡಚಿ ತಟ್ಟೆಯ ಅಂಚಿನ ಹಾಗೆ ನಿಲ್ಲಿಸಿ. ಸುಮ್ನೆ ಚಪ್ಪಟೆಯಾಗಿ ಹಾಸಿದರೆ ನೀರು ಹಾಳೆಯ ಮೇಲೇ ಬಂದು ಕೂರುತ್ತದೆ.

ಹಂತ 3: ಚೌಕಟ್ಟು

ಮೂರು ಕಂಬಗಳನ್ನು ಒಂದೇ ಸಾಲಿನಲ್ಲಿ ನೆಡಿ: ಎರಡು ತುದಿಗೆ, ಒಂದು ನಡುವೆ. ಎರಡೂವರೆ ಅಡಿ ಗುಂಡಿ, ಸುತ್ತ ಕಲ್ಲು ಜಡಿದು ಹಾರೆಯಿಂದ ಕುಟ್ಟಿ. ನೆಲದ ಮೇಲೆ ಆರೂವರೆ ಅಡಿ ಉಳಿಯಬೇಕು. ಒಣ ನೆಲದಲ್ಲಿ ಒಂದಡಿ ಗುಂಡಿಯೇ ಸಾಕು ಅನ್ನಿಸುತ್ತದೆ, ಆದರೆ ನೀವು ಕಟ್ಟುತ್ತಿರುವುದು ನೆನೆದ ನೆಲಕ್ಕೆ.

ಮೂರರ ಮೇಲೂ 14 ಅಡಿಯ ನೆತ್ತಿಯ ಗಳ ಇಟ್ಟು ವೈರಿನಿಂದ ಬಿಗಿಯಿರಿ. ಆಮೇಲೆ ಎರಡೂ ಕಡೆ ನಾಲ್ಕು ನಾಲ್ಕು ಓರೆ ಗಳ, ನೆತ್ತಿಯಿಂದ ನೆಲಕ್ಕೆ. ಜನ ಇದನ್ನೇ ಬಿಡುವುದು. ಓರೆ ಗಳ ಇಲ್ಲದಿದ್ದರೆ ಟಾರ್ಪಾಲು ನಡುವೆ ಜೋಲುತ್ತದೆ, ಜೋತಲ್ಲಿ ನೀರು ನಿಲ್ಲುತ್ತದೆ, ನೀರು ನಿಂತಷ್ಟೂ ಇನ್ನೂ ಜೋಲುತ್ತದೆ. ನಾಲ್ಕಡಿಗೆ ಮೂರಡಿ ಅಗಲದ, ನಾಲ್ಕು ಇಂಚು ಆಳದ ಒಂದು ಹೊಟ್ಟೆಯಲ್ಲಿ ನೂರು ಲೀಟರಿಗೂ ಮೀರಿ ನೀರು ನಿಲ್ಲುತ್ತದೆ. ಎರಡು ಮೂಟೆ ಸಿಮೆಂಟಿನ ಭಾರ ನಿಮ್ಮ ತಲೆ ಮೇಲೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. 2019ರ ಆಗಸ್ಟ್ ನೆರೆಯಲ್ಲಿ ಮಲಪ್ರಭಾ ದಂಡೆಯ ಒಂದು ಊರಿನಲ್ಲಿ ಸಮಯ ಇಲ್ಲ ಅಂತ ನಾಲ್ಕು ಕಂಬಕ್ಕೆ ಚಪ್ಪರದ ಹಾಗೆ ಚಪ್ಪಟೆ ಕಟ್ಟಿದ್ದೆ. ಬೆಳಗಿನ ಜಾವ ಒಬ್ಬ ಅಜ್ಜಿ ಕೋಲಿನಿಂದ ಹೊಟ್ಟೆಯನ್ನು ಮೇಲಕ್ಕೆ ತಳ್ಳಿ ನೀರು ಇಳಿಸಲು ನೋಡಿದರು. ಇಳಿಯಿತು, ಕಂಬ ಸಮೇತ. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಒಣಗಿದ್ದ ಒಂದೇ ಕಂಬಳಿ ಹೋಯಿತು. ‘ಮದ್ವಿ ಹಂದರ ಹಾಕೀಯೇನಪಾ’ ಅಂದರು ಅಜ್ಜಿ. ಸರಿಯಾಗೇ ಅಂದರು.

ಗಳಗಳ ಚೂಪು ತುದಿ, ಗಂಟು, ವೈರಿನ ಕೊನೆ, ಎಲ್ಲಕ್ಕೂ ಗೋಣಿ ತುಂಡು ಸುತ್ತಿ. ಕೈಯಿಂದ ಸವರಿ ನೋಡಿ, ಕೈಗೆ ಚುಚ್ಚಿದ್ದು ಟಾರ್ಪಾಲಿಗೂ ಚುಚ್ಚುತ್ತದೆ.

ಹಂತ 4: ಈಗ ಟಾರ್ಪಾಲು

20 ಅಡಿಯ ಕಡೆಯನ್ನು ನೆತ್ತಿಯ ಮೇಲೆ ಸರಿಯಾಗಿ ಅರ್ಧಕ್ಕೆ ಬರುವಂತೆ ಹೊದಿಸಿ. ಎರಡೂ ಕಡೆ ಹತ್ತತ್ತು ಅಡಿ ಇಳಿಯುತ್ತದೆ. ಒಳಗೆ ಸುಮಾರು 180 ಚದರ ಅಡಿ ಸಿಗುತ್ತದೆ. ಪರಿಹಾರ ಕೆಲಸದಲ್ಲಿ ಎಲ್ಲ ಕಡೆ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ತಲೆಗೆ ಕನಿಷ್ಠ 3.5 ಚದರ ಮೀಟರ್ ಬೇಕು, ಐದು ಜನಕ್ಕೆ 188 ಚದರ ಅಡಿ. ಹತ್ತಿರ ಹತ್ತಿರ ಸರಿಹೋಗುತ್ತದೆ. ಎಂಟು ಜನರಿದ್ದರೆ ಇನ್ನೊಂದು ಸೂರು ಕಟ್ಟಿ, ಇದನ್ನೇ ಹಿಗ್ಗಿಸಲು ಹೋಗಿ ಇಳಿಜಾರು ಕಡಿಮೆ ಮಾಡಬೇಡಿ.

ಕೆಳಗಿನ ಅಂಚನ್ನು ಒಳಕ್ಕೆ ಮಡಚುವುದು ದೊಡ್ಡ ತಪ್ಪು. ನೋಡಲು ನೀಟಾಗಿರುತ್ತದೆ, ಆದರೆ ಜಾರಿ ಬಂದ ನೀರೆಲ್ಲ ಒಳಗೇ ಇಳಿಯುತ್ತದೆ. ಅಂಚು ಅರ್ಧ ಅಡಿ ಹೊರಕ್ಕೆ ಚಾಚಿ ಚರಂಡಿಯೊಳಗೆ ಇಳಿಯಬೇಕು. ಅದರ ಮೇಲೆ ಮಣ್ಣು ತುಂಬಿದ ಗೊಬ್ಬರದ ಚೀಲ, ನಡುನಡುವೆ ಜಾಗ ಬಿಟ್ಟು.

ಹಗ್ಗ ಕಟ್ಟುವಾಗ ಕಣ್ಣಿಗೇ ನೇರವಾಗಿ ಬಿಗಿಯಬೇಡಿ. ಹಗ್ಗಕ್ಕೂ ಕಣ್ಣಿಗೂ ನಡುವೆ ಸೈಕಲ್ ಟ್ಯೂಬಿನ ಒಂದು ಗೇಣು ತುಂಡು ಹಾಕಿ. ಗಾಳಿ ಬಡಿದಾಗ ಟ್ಯೂಬು ಹಿಗ್ಗುತ್ತದೆ, ಕಣ್ಣು ಉಳಿಯುತ್ತದೆ. ಕಣ್ಣು ಈಗಾಗಲೇ ಕಿತ್ತಿದ್ದರೆ, ಅಥವಾ ಕಣ್ಣಿಲ್ಲದ ಜಾಗದಲ್ಲಿ ಕಟ್ಟಬೇಕಾದರೆ, ನೆಲ್ಲಿಕಾಯಿ ಗಾತ್ರದ ನುಣುಪು ಕಲ್ಲು ತಗೊಳ್ಳಿ. ಟಾರ್ಪಾಲಿನ ಒಳಮೈಗೆ ಅದನ್ನು ಒತ್ತಿ ಹಿಡಿದು, ಹೊರಗಡೆಯಿಂದ ಗಂಟಿನ ಹಾಗೆ ತಿರುಚಿ, ಆ ಕುತ್ತಿಗೆಗೆ ಹಗ್ಗ ಬಿಗಿಯಿರಿ. ತೂತು ಇಲ್ಲ, ಹರಿಯುವುದಿಲ್ಲ. ಇದೊಂದನ್ನು ಊರಿನ ಹುಡುಗರಿಗೆ ಕಲಿಸಿಬಿಟ್ಟರೆ ಮಿಕ್ಕಿದ್ದನ್ನು ಅವರೇ ಕಟ್ಟಿಕೊಳ್ಳುತ್ತಾರೆ.

ಮೊಳೆ ಹೊಡೆಯಲೇಬೇಕಾದರೆ ಸೋಡಾ ಬಾಟಲಿಯ ಮುಚ್ಚಳವನ್ನು ವಾಷರ್ ಥರ ಇಟ್ಟು ಹೊಡೆಯಿರಿ.

ಗೂಟ ಎರಡು ಅಡಿ ಉದ್ದ ಇರಲಿ, ಸೂರಿನಿಂದ ಆಚೆಗೆ ವಾಲಿಸಿ ಬಡಿಯಿರಿ. ಮೆದು ಮಣ್ಣಾದರೆ ಗೂಟ ನಂಬಬೇಡಿ, ಮಣ್ಣಿನ ಚೀಲಕ್ಕೆ ಹಗ್ಗ ಕಟ್ಟಿ ಅರ್ಧ ಹೂತುಬಿಡಿ.

ಎರಡನೇ ಟಾರ್ಪಾಲನ್ನು ಅಡ್ಡಕ್ಕೆ ಕತ್ತರಿಸಿ ಹಿಂದೆ ಮುಂದೆ ಮುಚ್ಚಿ. ಎರಡೂ ತುದಿಯಲ್ಲಿ ನೆತ್ತಿಯ ಹತ್ತಿರ ಒಂದು ಅಡಿ ತೆರೆದೇ ಇರಲಿ. ಪೂರ್ತಿ ಮುಚ್ಚಿದರೆ ಒಳಗಿನ ಉಸಿರಿನ ಹಬೆಯೇ ತಣ್ಣಗಾಗಿ ಹನಿ ಹನಿ ಬೀಳುತ್ತದೆ, ಜನ ‘ಸೋರುತ್ತಿದೆ’ ಅಂದುಕೊಳ್ಳುತ್ತಾರೆ. ಬಿಸಿಲಿದ್ದಾಗ ಮೇಲೆ ಹುಲ್ಲು ಹೊದಿಸಿದರೆ ಒಳಗೂ ತಂಪು, ಟಾರ್ಪಾಲಿನ ಆಯುಷ್ಯವೂ ಜಾಸ್ತಿ.

ಹಂತ 5: ತಗಡು ಸಿಕ್ಕಿದರೆ

ನೇಪಾಳದಲ್ಲಿ ಟಾರ್ಪಾಲಿನ ನಂತರ ಎಲ್ಲರೂ ಕೇಳಿದ್ದು ತಗಡಿನ ಶೀಟು. ಬಿದ್ದ ಮನೆಯದ್ದನ್ನೇ ಬಿಚ್ಚಿ ಬಳಸಿದವರೂ ಬಹಳ. ಮೂರು ಮಾತು ಸಾಕು. ಮೊಳೆಯನ್ನು ಶೀಟಿನ ಏರಿನ ಮೇಲೆ ಹೊಡೆಯಿರಿ, ತಗ್ಗಿನಲ್ಲಿ ಹೊಡೆದರೆ ನೀರು ಅಲ್ಲಿಂದಲೇ ಇಳಿಯುತ್ತದೆ. ಉದ್ದಕ್ಕೆ ಒಂದರ ಮೇಲೊಂದು ಕನಿಷ್ಠ 6 ಇಂಚು ಬರಲಿ, ಮೇಲಿನ ಶೀಟು ಮೇಲೆಯೇ ಇರಬೇಕು. ಗಾಳಿಗೆ ಹಾರದಿರಲಿ ಅಂತ ಕಲ್ಲು ಹೇರಬೇಡಿ, ಎಂದಿಗೂ. ಉಪಕಂಪನ ಬಂದರೆ ಆ ಕಲ್ಲು ಮಲಗಿದವರ ಮೇಲೆ. ವೈರಿನಿಂದ ಕಟ್ಟಿ.

ಹಂತ 6: ಒಲೆ, ನೀರು, ಶೌಚ

ಒಲೆ ಸೂರಿನ ಒಳಗೆ ಬೇಡ. ಮಳೆಯಲ್ಲಿ ಹೊರಗೆ ಬೇಯಿಸುವ ಕಷ್ಟ ಗೊತ್ತು, ಅದಕ್ಕೇ ಹತ್ತು ಅಡಿ ಆಚೆ ಅಡುಗೆಗೆ ಪ್ರತ್ಯೇಕ ಪುಟ್ಟ ತಗಡಿನ ಮಾಡು ಮಾಡಿ. ಟಾರ್ಪಾಲು ಪ್ಲಾಸ್ಟಿಕ್, ಒಂದು ಕಿಡಿಗೆ ಕರಗಿ ಮೈಗೆ ಅಂಟುತ್ತದೆ. ಚಳಿ ಅಂತ ಇದ್ದಿಲ ಒಲೆ ಒಳಗಿಟ್ಟು ಮಲಗಿದರೆ ಹೊಗೆ ಕಾಣದಿದ್ದರೂ ಅದರ ವಿಷಗಾಳಿ ಇಡೀ ಕುಟುಂಬವನ್ನು ನಿದ್ದೆಯಲ್ಲೇ ಕೊಲ್ಲಬಹುದು.

ನೀರಿನ ಲೆಕ್ಕ ಸುಲಭ. ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ದಿನಕ್ಕೆ ತಲೆಗೆ 15 ಲೀಟರ್, ಅಂದರೆ ತಲೆಗೊಂದು ಕೊಡ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ, ಎತ್ತರದ ಬೆಟ್ಟದ ಊರಾದರೆ ಮೂರು ನಿಮಿಷ. ಕ್ಲೋರಿನ್ ಮಾತ್ರೆ ಇದ್ದರೆ ಪ್ಯಾಕೆಟ್ ಮೇಲಿನ ಅಳತೆ ನೋಡಿ ಹಾಕಿ. ಕೆಸರು ನೀರಿಗೆ ಹಾಗೇ ಹಾಕಿದರೆ ಮಾತ್ರೆ ವೇಸ್ಟು, ಮೊದಲು ತಿಳಿಯಾಗಿಸಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಕಣ್ಣಳತೆ ನಡೆಯುವುದಿಲ್ಲ. ಸಾಮಾನ್ಯ ಲೆಕ್ಕ 1000 ಲೀಟರಿಗೆ 2.5 ಗ್ರಾಂ. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9400 ಲೀಟರ್, ಪೌಡರ್ 25 ಗ್ರಾಂ ಹತ್ತಿರ. ಬಕೆಟ್‌ನಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ, ತಳದ ಸುಣ್ಣ ಆಚೆಗೆ. ಒಂದು ಗಂಟೆ ಕಾದು ಸೇದಿ. ನೆರೆ ನೀರು ನುಗ್ಗಿದ ಬಾವಿಗೆ ಈ ಅಳತೆ ಸಾಲದು. ಮೊದಲು ಕೆಸರು ನೀರು ಎತ್ತಿ ಖಾಲಿ ಮಾಡಿ, ಪೌಡರ್ ಹಾಕಿದ ಮೇಲೆ ಆರೋಗ್ಯ ಇಲಾಖೆಯವರ ಹತ್ತಿರ ಕ್ಲೋರಿನ್ ಪರೀಕ್ಷೆ ಮಾಡಿಸಿಯೇ ಕುಡಿಯಿರಿ.

ಶೌಚದ ಗುಂಡಿ ನೀರಿನ ಮೂಲದಿಂದ 30 ಮೀಟರ್ ಆಚೆ, ಸೂರಿನಿಂದ 50 ಮೀಟರ್ ಒಳಗೆ. ಮಳೆಗಾಲದಲ್ಲಿ ಗುಂಡಿ ಉಕ್ಕುತ್ತದೆ, ಆದ್ದರಿಂದ ಕಟ್ಟೆ ಎತ್ತರಿಸಿ. ಒಳಗಡೆ ಚಿಲಕ, ದಾರಿಗೆ ಬೆಳಕು ಇಲ್ಲದಿದ್ದರೆ ಹೆಂಗಸರು ರಾತ್ರಿ ಹೋಗುವುದಿಲ್ಲ, ಸಂಜೆಯಿಂದಲೇ ನೀರು ಕುಡಿಯುವುದನ್ನೇ ಬಿಡುತ್ತಾರೆ. ಎಲ್ಲಿ ಕಟ್ಟಬೇಕು ಅಂತ ಅವರನ್ನೇ ಕೇಳಿ.

ಹಂತ 7: ಮಳೆಗೆ ಮೊದಲು ಪರೀಕ್ಷೆ, ಮಳೆಯಲ್ಲಿ ಕಾವಲು

ಕಟ್ಟಿ ಮುಗಿಸಿದ ಸಂಜೆಯೇ ನಾಲ್ಕು ಕೊಡ ನೀರು ನೆತ್ತಿಯ ಮೇಲೆ ಸುರಿಯಿರಿ. ಎಲ್ಲಾದರೂ ನಿಂತರೆ ಅಲ್ಲಿ ಇನ್ನೊಂದು ಗಳ ಬೇಕು. ಚರಂಡಿಯಲ್ಲಿ ನಿಂತರೆ ಬಾಯಿ ಇನ್ನೂ ಆಳ ಆಗಬೇಕು. ಒಳಗೆ ಕೂತು ಮೇಲೆ ನೋಡಿ, ನಕ್ಷತ್ರದ ಹಾಗೆ ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ತೂತಿದೆ.

ಹಾಸಿಗೆ ಒದರಿ ಮಲಗಿ, ಒಣ ಜಾಗ ಹುಡುಕುತ್ತಾ ಹಾವೂ ಬರುತ್ತದೆ. ಕಾಲಿಗೆ ಗಾಯ ಇದ್ದವರು ಕೆಸರು ನೀರಿಗೆ ಇಳಿಯಬೇಡಿ. ಇಳಿದ ಮೇಲೆ ಜ್ವರ, ಮೈಕೈ ನೋವು ಬಂದರೆ ಇಲಿ ಜ್ವರ ಇರಬಹುದು, ಡಾಕ್ಟರ ಹತ್ತಿರ ಹೋಗಿ ನೀರಿಗೆ ಇಳಿದದ್ದನ್ನು ಹೇಳಿ.

ಈ ಲಕ್ಷಣ ಕಂಡರೆ ಸಾಮಾನು ಮುಟ್ಟದೆ ಹೊರಡಿ: ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಗುಡ್ಡದ ಒಳಗಿನಿಂದ ಗುಡುಗಿನಂಥ ಸದ್ದು, ಸಣ್ಣ ಕಲ್ಲುಗಳು ಉರುಳಲು ಶುರುವಾಗುವುದು, ಮತ್ತು ಎಲ್ಲಕ್ಕಿಂತ ಮೋಸದ್ದು, ಜೋರು ಮಳೆಯಲ್ಲೂ ಹೊಳೆ ಇಳಿಯುವುದು. ಜನ ನೀರು ಕಡಿಮೆಯಾಯ್ತು ಅಂತ ನಿಟ್ಟುಸಿರು ಬಿಡುತ್ತಾರೆ. ಮೇಲೆ ಎಲ್ಲೋ ಗುಡ್ಡ ಜಾರಿ ಹೊಳೆಗೆ ಕಟ್ಟೆ ಬಿದ್ದಿರುತ್ತದೆ, ಒಡೆದಾಗ ಎಲ್ಲ ಒಟ್ಟಿಗೆ ಬರುತ್ತದೆ. ಹೊಳೆಯ ಗುಂಟ ಕೆಳಕ್ಕೆ ಓಡಬೇಡಿ, ಪಕ್ಕದ ಎತ್ತರಕ್ಕೆ ಹತ್ತಿ. ಕರ್ನಾಟಕದಲ್ಲಿ ಜಿಲ್ಲಾ ಸಹಾಯವಾಣಿ 1077, ತುರ್ತಿಗೆ 112.

ಜಾಗ ಹುಡುಕುವಾಗ ಆಚೆಯ ಯಾವುದೋ ಗುಡ್ಡದಲ್ಲಿ ಸಣ್ಣ ಬಿರುಕು ಕಂಡಿದ್ದರೆ ಅದನ್ನೂ ಮರೆಯಬೇಡಿ, ನಿಮ್ಮ ದಾರಿ ಅದರ ಕೆಳಗೇ ಹೋಗುತ್ತಿರಬಹುದು. ಬಿರುಕಿನ ಆ ಕಡೆ ಒಂದು, ಈ ಕಡೆ ಒಂದು ಗೂಟ ಬಡಿದು, ನಡುವಿನ ದೂರವನ್ನು ಟೇಪಿನಿಂದ ಅಳೆದು, ದಿನಾಂಕ ಸಮೇತ ಬರೆದಿಡಿ. ಮಳೆ ನಿಂತಾಗ ಹೋಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆಯಿರಿ. ಒಂದೇ ಒಂದು ಸೆಂಟಿಮೀಟರ್ ಹೆಚ್ಚಾದರೂ ಆ ರಾತ್ರಿ ಕೆಳಗೆ ಯಾರೂ ಮಲಗಬಾರದು. ಅಳತೆಯ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗೂಟಕ್ಕೇ ಕಟ್ಟಿ, ನಾಳೆ ಅಳೆಯಲು ಬರುವವರು ಬೇರೆಯವರು ಇರಬಹುದು.